ಉಪರಾ, ಉಚಲ್ಯಾ, ಬೇರಡ – ಹೊರಗಿನವರ ಮೂರು ಪುಸ್ತಕಗಳು

ಮಹಾರಾಷ್ಟ್ರದಲ್ಲಿ ನಾಲ್ಕಾರು ವರ್ಷ ಕಳೆದ ಯಾವ ಕನ್ನಡಿಗನಿಗೂ ‘ಉಪರಾ’ ಎಂಬ ಶಬ್ದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉಪರಾ ಅಂದರೆ ಹೊರಗಿನವ, ಇಲ್ಲಿಯವನಲ್ಲದವ. ಬಹುವಚನದಲ್ಲಿ ‘ಉಪರೆ’. 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿ ದಕ್ಷಿಣದವರ ಮೇಲೆ ಹರಿಹಾಯ್ದ ಕಾಲದಲ್ಲಿ ನಮ್ಮ ಹಿರಿಯರು ಈ ಶಬ್ದವನ್ನು ಚೆನ್ನಾಗಿಯೇ ಕೇಳಿಸಿಕೊಂಡಿದ್ದಾರೆ. ನಾನು ಬ್ಯಾಂಕಿನ ನೌಕರಿಗೆಂದು ಈ ಕಡೆ ಬಂದದ್ದು 1990ರ ದಶಕದಲ್ಲಿ. ಅಷ್ಟೊತ್ತಿಗೆ ಆ ಸಿಟ್ಟು ಬೇರೆಯವರ ಕಡೆ ತಿರುಗಿತ್ತು, ನಮ್ಮ ಪಾಲಿಗೆ ಬಂದದ್ದು ಸಣ್ಣಪುಟ್ಟ ಚುಚ್ಚುಮಾತು ಮಾತ್ರ. ಹಾಗಾಗಿ ‘ಉಪರಾ’ ಎಂಬ ಹೆಸರಿನ ಪುಸ್ತಕವೊಂದಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದಾಗ ಇದು ನಮ್ಮಂಥವರ ಬಗ್ಗೆಯೇ ಇರಬೇಕು ಎಂದುಕೊಂಡು ತಂದು ಓದಿದೆ. ಅದು ನಮ್ಮಂಥವರ ಬಗ್ಗೆ ಇರಲಿಲ್ಲ!

ಲಕ್ಷ್ಮಣ ಮಾನೆ ಬರೆದ ‘ಉಪರಾ’ ಪ್ರಕಟವಾದದ್ದು 1980ರಲ್ಲಿ. ಮರುವರ್ಷವೇ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಆಗ ಲೇಖಕರಿಗೆ ಇನ್ನೂ ಮೂವತ್ತೆರಡರ ಆಸುಪಾಸು. ಅವರು ಸಾತಾರಾ ಜಿಲ್ಲೆಯ ಫಲಟಣ ಕಡೆಯ ಕೈಕಾಡಿ ಸಮುದಾಯದವರು. ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ಊರಿಂದೂರಿಗೆ ಹೋಗುವುದು, ಊರ ಹೊರಗೆ ಬೀಡು ಬಿಟ್ಟು ಬುಟ್ಟಿ ಹೆಣೆಯುವುದು, ಅವನ್ನು ಕಾಳಿಗೋ ಕಾಸಿಗೋ ಮಾರುವುದು, ಮತ್ತೆ ಮುಂದಿನ ಊರು. ಮಹಾರಾಷ್ಟ್ರದ ಮಣ್ಣಲ್ಲೇ ಹುಟ್ಟಿ ಅಲ್ಲೇ ಅಲೆದ ಈ ಮನುಷ್ಯ ತನ್ನ ಪುಸ್ತಕಕ್ಕೆ ‘ಹೊರಗಿನವ’ ಎಂದು ಹೆಸರಿಟ್ಟ. ನಾವಾದರೋ ಕೈಯಲ್ಲಿ ಅಪಾಯಿಂಟ್‌ಮೆಂಟ್ ಆರ್ಡರ್ ಹಿಡಿದು ಬಂದ ಹೊರಗಿನವರು. ಬೇಸರವಾದರೆ ಹೋಗಲಿಕ್ಕೆ ಒಂದು ಊರಿದೆ, ಊರಿನಲ್ಲಿ ಒಂದು ಮನೆಯಿದೆ. ಆ ಶಬ್ದದ ಮೇಲೆ ನನಗಿದ್ದ ಸಣ್ಣ ಮುನಿಸು ಮೊದಲ ಇಪ್ಪತ್ತು ಪುಟಗಳಲ್ಲೇ ಕರಗಿಹೋಯಿತು.

ಇನ್ನೊಂದು ಕುತೂಹಲ. ಕೈಕಾಡಿಗಳ ಮನೆಮಾತು ಮರಾಠಿಯಲ್ಲ. ಅದು ದ್ರಾವಿಡ ಭಾಷೆ, ತಮಿಳಿಗೆ ಹತ್ತಿರದ್ದು. ನಮ್ಮ ಕಡೆಯ ಕೊರಮ, ಕೊರಚರು, ಆಂಧ್ರದ ಯೆರುಕಲರು ಇವರ ನೆಂಟರು ಎಂದೇ ಬ್ರಿಟಿಷರ ಕಾಲದ ಗೆಜೆಟಿಯರುಗಳಿಂದ ಹಿಡಿದು ಇತ್ತೀಚಿನ ವಿದ್ವಾಂಸರವರೆಗೆ ಎಲ್ಲರೂ ಹೇಳುತ್ತಾರೆ. ಅಂದರೆ ಭಾಷೆಯ ಲೆಕ್ಕ ಹಿಡಿದರೆ ಫಲಟಣದ ಆ ಬುಟ್ಟಿಯವನು ನನಗೆ ದೂರದ ದಾಯಾದಿಯೇ!

ಇವರು ಹೊರಗಿನವರಾದದ್ದು ಹೇಗೆ? ಜಾತಿಯಿಂದ ಎಂಬ ಉತ್ತರ ಸುಲಭದ್ದು, ನಿಜವೂ ಹೌದು. ಆದರೆ ಅದರ ಮೇಲೆ ಇನ್ನೊಂದು ಪದರ ಕೂತಿದೆ. ಅದು ಕಾಗದದ ಮೇಲಿನ ಪದರ, ರಿಜಿಸ್ಟರಿನದ್ದು. ಮೂವತ್ತು ವರ್ಷ ರಿಜಿಸ್ಟರ್ ಬರೆದವನಾದ್ದರಿಂದ ನನಗೆ ಅದೇ ಹೆಚ್ಚು ಕಾಡಿತು.

1871ರಲ್ಲಿ ಬ್ರಿಟಿಷ್ ಸರಕಾರ ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’ ಎಂಬ ಕಾಯದೆ ತಂದಿತು. ಅದರ ಹಿಂದಿನ ವಾದ ಬಹಳ ಸರಳವಾಗಿತ್ತು. ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ. ಹಾಗಿದ್ದ ಮೇಲೆ ವಂಶಪಾರಂಪರ್ಯವಾಗಿ ಕಳ್ಳರೂ ಇರಲೇಬೇಕಲ್ಲ? ಇಷ್ಟೇ. ನಮ್ಮ ಜಾತಿ ಪದ್ಧತಿಯನ್ನು ನಮಗಿಂತ ಹೆಚ್ಚು ನಂಬಿದವರು ಇವರು ಎಂದು ನನಗೆ ಅನ್ನಿಸುತ್ತದೆ. ಒಂದು ಜನಾಂಗವನ್ನು ಹೀಗೆ ‘ಅಪರಾಧಿ ಬುಡಕಟ್ಟು’ ಎಂದು ಪ್ರಕಟಿಸಿಬಿಟ್ಟರೆ ಅದನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಣಿ, ಹಾಜರಿ, ಊರು ಬಿಡಬೇಕಾದರೆ ಪಾಸು. ಪಾಸಿಲ್ಲದೆ ಸಿಕ್ಕರೆ ಅದೇ ಅಪರಾಧ. ಹುಟ್ಟಿದ್ದೇ ಸಾಕಾಗುತ್ತಿತ್ತು, ಕದಿಯುವ ಅಗತ್ಯವಿರಲಿಲ್ಲ.

ಮೊದಲು ಉತ್ತರ ಭಾರತಕ್ಕೆ, 1876ರಲ್ಲಿ ಬಂಗಾಳಕ್ಕೆ ಹಬ್ಬಿದ ಈ ಕಾಯದೆ 1911ರ ತಿದ್ದುಪಡಿಯಿಂದ ಮುಂಬಯಿ, ಮದ್ರಾಸು ಪ್ರಾಂತ್ಯಗಳಿಗೂ ಬಂತು. ಬೆರಳಚ್ಚು ತೆಗೆಯುವ ಪದ್ಧತಿಯೂ ಜೊತೆಗೇ ಸೇರಿತು. 1924ರಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಮತ್ತೊಂದು ಕಾಯದೆಯಾಯಿತು. ಇಡೀ ಕುಟುಂಬಗಳನ್ನು ಎತ್ತಿ ತಂದು ತಂತಿಬೇಲಿಯೊಳಗೆ ಇಡುವ ‘ಸೆಟ್ಲ್‌ಮೆಂಟ್’ಗಳು, ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಇಡುವ ಅಧಿಕಾರ, ಎಲ್ಲವೂ ಅದರಲ್ಲಿದ್ದವು.

ಇವರಲ್ಲಿ ಕಳ್ಳರೇ ಇರಲಿಲ್ಲವೇ ಎಂದರೆ, ಇದ್ದರು. ಮುಂದೆ ಹೇಳುವ ಪುಸ್ತಕಗಳೇ ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೂ ಮೊದಲು ಇವರ ಕಸುಬು ಏನಾಗಿತ್ತು ಎಂದು ಯಾರೂ ಕೇಳಲಿಲ್ಲ. ಲಂಬಾಣಿಗಳೂ ಕೊರಮರೂ ಎತ್ತು, ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಸಾಗಿಸುತ್ತಿದ್ದವರು. ಉಪ್ಪಿನ ವ್ಯಾಪಾರ ಸರಕಾರದ ಹಿಡಿತಕ್ಕೆ ಹೋಯಿತು. ರೈಲು ಬಂತು, ಹತ್ತು ಎತ್ತಿನ ಹಿಂಡು ತಿಂಗಳಿಡೀ ಸಾಗಿಸುತ್ತಿದ್ದ ಮಾಲನ್ನು ಅದು ಒಂದೆರಡು ದಿನದಲ್ಲಿ ಒಯ್ಯತೊಡಗಿತು. ಅದರ ಬೆನ್ನಿಗೇ 1876–78ರ ಭೀಕರ ಬರ. ನಮ್ಮ ವಿಜಾಪುರ, ಬಳ್ಳಾರಿ ಕಡೆ ಆ ಬರದ ಕಥೆ ಅಜ್ಜಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ದನಗಳು ಸತ್ತವು, ದನವಿಲ್ಲದೆ ಕಸುಬಿಲ್ಲ. ಮೀನಾ ರಾಧಾಕೃಷ್ಣ ಎಂಬ ಸಮಾಜಶಾಸ್ತ್ರಜ್ಞೆ 2001ರ ತಮ್ಮ ಪುಸ್ತಕದಲ್ಲಿ ಮದ್ರಾಸು ಪ್ರಾಂತ್ಯದ ಕೊರವರ ಉದಾಹರಣೆ ಹಿಡಿದು ಇದನ್ನೆಲ್ಲ ವಿವರವಾಗಿ ತೋರಿಸಿದ್ದಾರೆ. ವ್ಯಾಪಾರಿ ದಿವಾಳಿಯಾದರೆ ಬ್ಯಾಂಕಿನವರು ಸಾಲ ವಸೂಲಿಗೆ ಹೋಗುತ್ತಾರೆ, ಇಲ್ಲಿ ಸರಕಾರ ದಿವಾಳಿಯಾದವನ ಮನೆಗೆ ಪೊಲೀಸರನ್ನು ಕಳಿಸಿತು.

ಇಲ್ಲಿ ನಮ್ಮ ಕರ್ನಾಟಕದ ಮಾತು ಬರಲೇಬೇಕು. ಮುಂಬಯಿ ಪ್ರಾಂತ್ಯದ ಸೆಟ್ಲ್‌ಮೆಂಟುಗಳಲ್ಲಿ ಮುಖ್ಯವಾದ ಹಲವು ಇದ್ದದ್ದು ಕನ್ನಡ ನಾಡಿನಲ್ಲೇ. ವಿಜಾಪುರ, ಹುಬ್ಬಳ್ಳಿ, ಗದಗ. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ‘ಸೆಟ್ಲಮೆಂಟ್’ ಎಂದರೆ ಈಗಲೂ ರಿಕ್ಷಾದವನು ಕರೆದೊಯ್ಯುತ್ತಾನೆ. ಆ ಹೆಸರು ಯಾಕೆ ಬಂತೆಂದು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೇವೋ ಗೊತ್ತಿಲ್ಲ. ಈ ಸೆಟ್ಲ್‌ಮೆಂಟುಗಳ ಮೇಲಧಿಕಾರಿಯಾಗಿ ಬಹುಕಾಲ ಇದ್ದವರು ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ. ಇದೇ ಸ್ಟಾರ್ಟ್ ಸಾಹೇಬರ ಅಧ್ಯಕ್ಷತೆಯಲ್ಲಿ ದಲಿತರ ಮತ್ತು ಆದಿವಾಸಿಗಳ ಸ್ಥಿತಿಗತಿಯ ವಿಚಾರಣೆಗೆ ಮುಂಬಯಿ ಸರಕಾರ 1928ರಲ್ಲಿ ಸಮಿತಿ ಮಾಡಿತು. ಅದರ ಸದಸ್ಯರಲ್ಲಿ ಅಂಬೇಡ್ಕರರೂ ಇದ್ದರು. ಒಂದೇ ಮೇಜಿನ ಸುತ್ತ ಇವರಿಬ್ಬರು ಕೂತು ಮಾತನಾಡಿದ್ದನ್ನು ಊಹಿಸಿಕೊಳ್ಳುವುದು ನನಗೆ ಕಷ್ಟವಾಗುತ್ತದೆ.

ಸೊಲ್ಲಾಪುರದ ಸೆಟ್ಲ್‌ಮೆಂಟ್ ಇನ್ನೊಂದು. ಅಲ್ಲಿ ಗಿರಣಿಗಳಿದ್ದವು, ಗಿರಣಿಗೆ ಕೈಗಳು ಬೇಕಾಗಿದ್ದವು. ಬೇಲಿಯೊಳಗಿನವರನ್ನು ಬೆಳಿಗ್ಗೆ ಗಿರಣಿಗೆ ಕಳಿಸುವುದು, ಸಂಜೆ ಎಣಿಸಿ ಒಳಗೆ ತೆಗೆದುಕೊಳ್ಳುವುದು. ಸುಧಾರಣೆಯೂ ಆಯಿತು, ಕೂಲಿಯವರೂ ಸಿಕ್ಕರು. ಸ್ವಲ್ಪ ಕಾಲ ಅಮೆರಿಕನ್ ಮಿಶನರಿಗಳು ಅದನ್ನು ನೋಡಿಕೊಂಡರು. ಅಲ್ಲಿ ಶಾಲೆಯಿತ್ತು, ಔಷಧೋಪಚಾರವಿತ್ತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಒಳ್ಳೆಯ ನಡತೆ ತೋರಿದವರನ್ನು ಬೇಲಿಯಿಂದ ಆಚೆ ‘ಫ್ರೀ ಕಾಲನಿ’ಗೆ ಬಿಡುತ್ತಿದ್ದರು.

ಈ ‘ಫ್ರೀ’ ಎಂಬ ಶಬ್ದ ನನಗೆ ಮೊದಲು ಕಂಡದ್ದು ಬ್ಯಾಂಕಿನ ಅರ್ಜಿಯ ಮೇಲೆ. ಸೊಲ್ಲಾಪುರದ ಶಾಖೆಯೊಂದರಲ್ಲಿ ನಾನಿದ್ದ ದಿನಗಳು. (ಸೊಲ್ಲಾಪುರದ ಬಗ್ಗೆ ಇನ್ನೊಮ್ಮೆ ಬರೆಯಬೇಕು. ಸಿದ್ಧರಾಮನ ಊರು, ಕೌಂಟರಿನಾಚೆ ಅರ್ಧ ಜನ ಕನ್ನಡದಲ್ಲೇ ಮಾತಾಡುತ್ತಿದ್ದರು, ನನಗೆ ಪರಊರು ಅನ್ನಿಸಲೇ ಇಲ್ಲ.) ವಯಸ್ಸಾದ ಒಬ್ಬರು ಉಳಿತಾಯ ಖಾತೆ ತೆರೆಯಲು ಬಂದಿದ್ದರು. ವಿಳಾಸದ ಜಾಗದಲ್ಲಿ ‘ಸೆಟ್ಲ್‌ಮೆಂಟ್ ಫ್ರೀ ಕಾಲನಿ’ ಎಂದಿತ್ತು. ಆಗ ಖಾತೆ ತೆರೆಯಬೇಕಾದರೆ ಈಗಿನ ಹಾಗೆ ಆಧಾರ್, ಪ್ಯಾನ್ ಅಲ್ಲ, ಪರಿಚಯ ಮಾಡಿಸುವವರ ಸಹಿ ಬೇಕಿತ್ತು. ಈಗಾಗಲೇ ಖಾತೆಯಿರುವ ಒಬ್ಬರು ‘ಇವರನ್ನು ನಾನು ಬಲ್ಲೆ’ ಎಂದು ಬರೆದುಕೊಡಬೇಕು. ಆ ಹಿರಿಯರು ಎರಡು ಸಲ ಬಂದರು, ಎರಡು ಸಲವೂ ಆ ಸಹಿಯಿಲ್ಲದೆ ಹೋದರು. ಮೂರನೆಯ ಸಲ ಗಿರಣಿಯ ನಿವೃತ್ತ ಗುಮಾಸ್ತರೊಬ್ಬರನ್ನು ಕರೆತಂದರು, ಖಾತೆ ಆಯಿತು. ಹೊರಡುವಾಗ ನಾನು ಕುತೂಹಲಕ್ಕೆ ‘ಫ್ರೀ ಅಂದರೇನು ಕಾಕಾ?’ ಎಂದೆ. ‘ತಂತಿಯ ಹೊರಗಿನದು’ ಅಂದರು. ಅಷ್ಟೇ ಹೇಳಿ ಪಾಸ್‌ಬುಕ್ಕನ್ನು ಅಂಗಿಯ ಒಳಜೇಬಿಗೆ ಇಟ್ಟುಕೊಂಡರು. ಬೇಲಿ ತೆಗೆದು ನಲವತ್ತು ವರ್ಷಗಳ ಮೇಲಾಗಿತ್ತು.

‘ಉಚಲ್ಯಾ’ ಓದಿದ್ದು ಆಮೇಲೆ. ಮೂರರಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಇದೇ. ಲಕ್ಷ್ಮಣ ಗಾಯಕವಾಡರು ಲಾತೂರು ಸಮೀಪದ ಧನೇಗಾಂವದವರು. ಪುಸ್ತಕ 1987ರಲ್ಲಿ ಬಂತು, 1988ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ‘ಉಚಲ್ಯಾ’ ಅಂದರೆ ಎತ್ತುವವ, ಅಂದರೆ ಬೇರೆಯವರ ಗಂಟು ಎತ್ತುವವ. ಪಾಥರೂಟ, ಭಾಮಟಾ, ಟಕಾರಿ, ಗಂಟಿಚೋರ್, ಹೀಗೆ ಊರಿಗೊಂದು ಹೆಸರು ಈ ಜನಕ್ಕೆ. ನಮ್ಮ ಉತ್ತರ ಕರ್ನಾಟಕದಲ್ಲಿ ಗಂಟಿಚೋರ್ ಎಂಬುದೇ ರೂಢಿ, ಸರಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲೂ ಅದೇ ಹೆಸರು. ಸ್ವಲ್ಪ ಯೋಚಿಸಿ ನೋಡಿ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ತನ್ನ ಜಾತಿ ಪ್ರಮಾಣಪತ್ರ ಮುಂದಿಡಬೇಕು, ಆ ಪತ್ರದಲ್ಲಿ ‘ಚೋರ್’ ಎಂದೇ ಇದೆ. ಇಂಥ ಶಿಫಾರಸು ಪತ್ರ ಲೋಕದಲ್ಲಿ ಇನ್ನೆಲ್ಲಿದ್ದೀತು?

ಗಾಯಕವಾಡರು ಏನನ್ನೂ ಬಚ್ಚಿಡುವುದಿಲ್ಲ. ಜೇಬುಕತ್ತರಿಸುವ ವಿದ್ಯೆಯನ್ನು ಮಕ್ಕಳಿಗೆ ಹೇಗೆ ಕಲಿಸುತ್ತಿದ್ದರು, ಪೊಲೀಸರ ಹೊಡೆತ ತಾಳಿಕೊಳ್ಳಲೆಂದು ತಮ್ಮವರೇ ಮೊದಲು ಹೇಗೆ ಹೊಡೆದು ಪಳಗಿಸುತ್ತಿದ್ದರು ಎಂಬುದನ್ನೆಲ್ಲ ಬರೆಯುತ್ತಾರೆ. ಮನೆಯಲ್ಲಿ ಅಣ್ಣ ಅದೇ ದಂಧೆಯಲ್ಲಿ, ಅಪ್ಪ ಮಾತ್ರ ದುಡಿದು ತಿನ್ನುವವ. ಈ ಅಪ್ಪನೇ ಮಗನನ್ನು ಶಾಲೆಗೆ ಹಾಕುತ್ತಾನೆ. ಆ ಕೇರಿಯಿಂದ ಶಾಲೆಗೆ ಹೋದ ಮೊದಲ ಹುಡುಗ. ಕೆಲವೇ ದಿನಗಳಲ್ಲಿ ಕೇರಿಯ ಮಕ್ಕಳಿಗೆ ವಾಂತಿಭೇದಿ ಶುರುವಾಗುತ್ತದೆ, ಇವನು ಶಾಲೆಗೆ ಹೋದದ್ದರಿಂದಲೇ ಹೀಗಾಯಿತೆಂದು ತಮ್ಮವರೇ ತಿರುಗಿಬೀಳುತ್ತಾರೆ. ಊರಿನವರು ಕಳ್ಳನೆಂದು ದೂರ ಇಡುತ್ತಾರೆ, ಕಳ್ಳತನ ಬೇಡವೆಂದರೆ ಕೇರಿಯವರು ದೂರ ಇಡುತ್ತಾರೆ. ಎರಡರ ನಡುವೆ ಒಂದು ಹುಡುಗನ ಪಾಟಿಚೀಲ.

ಮುಂದೆ ಗಾಯಕವಾಡರು ಲಾತೂರಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದರು, ಯೂನಿಯನ್ ಕೆಲಸ ಮಾಡಿದರು, ನೌಕರಿ ಹೋಯಿತು. ಆಮೇಲೆ ಹೊಟ್ಟೆಪಾಡಿಗೆ ಸಣ್ಣ ಸಣ್ಣ ವ್ಯಾಪಾರ. ಒಂದು ನಿಲ್ಲುವುದಿಲ್ಲ, ಇನ್ನೊಂದು. ಈ ಭಾಗವನ್ನು ವಿಮರ್ಶಕರು ಅಷ್ಟಾಗಿ ಗಮನಿಸಿದ್ದು ನಾನು ನೋಡಿಲ್ಲ. ಅವರಿಗೆ ಕಳ್ಳತನದ ವಿವರಗಳೇ ರುಚಿ. ನನಗೋ, ಈ ವ್ಯಾಪಾರದ ಪುಟಗಳೇ ಎದೆಗೆ ನಾಟಿದವು. ಬಂಡವಾಳವಿಲ್ಲ, ಜಾಮೀನಿಲ್ಲ, ಉದ್ರಿ ಕೊಡುವವರಿಲ್ಲ. ಜಾತಿ ಗೊತ್ತಾದರೆ ಗಿರಾಕಿಯೂ ಇಲ್ಲ. ಹೊಸ ನೋಟು ಕೈಯಲ್ಲಿದ್ದರೆ ‘ಎಲ್ಲಿಂದ ಬಂತು?’ ಎಂಬ ಪ್ರಶ್ನೆ. ಪ್ರಾಮಾಣಿಕವಾಗಿ ಬದುಕುವುದಕ್ಕೂ ಒಂದು ಕನಿಷ್ಠ ಠೇವಣಿ ಬೇಕಾಗುತ್ತದೆ. ನಮಗೆಲ್ಲ ಅದನ್ನು ಹುಟ್ಟಿದಾಗಲೇ ಯಾರೋ ಕಟ್ಟಿಬಿಟ್ಟಿರುತ್ತಾರೆ, ಹಾಗಾಗಿ ಅದು ಕಾಣಿಸುವುದಿಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಪುಸ್ತಕದ ಮರಾಠಿ ಒರಟು, ನಯ ಮಾಡಿಲ್ಲ. ಪುಣೆಯ ನನ್ನ ಕೆಲವು ಮರಾಠಿ ಮಿತ್ರರಿಗೆ ಅದು ರುಚಿಸುವುದಿಲ್ಲ, ಯಾರಾದರೂ ತಿದ್ದಿಕೊಡಬಹುದಿತ್ತು ಅನ್ನುತ್ತಾರೆ. ತಿದ್ದಿದ್ದರೆ ಅದು ಪುಣೆಯ ಪುಸ್ತಕವಾಗುತ್ತಿತ್ತು ಅಷ್ಟೇ.

ಮಾನೆಯವರ ‘ಉಪರಾ’ದಲ್ಲೂ ಇದೇ ಇಕ್ಕಟ್ಟು ಬೇರೆ ರೀತಿಯಲ್ಲಿದೆ. ಕಷ್ಟಪಟ್ಟು ಓದಿ ಕಾಲೇಜು ಮುಟ್ಟಿದವ ಮೇಲ್ಜಾತಿಯ ಹುಡುಗಿಯನ್ನು ಮದುವೆಯಾದಾಗ ಅವಳ ಕಡೆಯವರ ವಿರೋಧ ನಾವು ಊಹಿಸಬಹುದಾದದ್ದೇ. ಆದರೆ ತನ್ನದೇ ಸಮುದಾಯದ ಪಂಚಾಯತಿಯ ಸಿಟ್ಟನ್ನೂ ಎದುರಿಸಬೇಕಾಗುತ್ತದೆ. ಹೊರಗಿಡಲ್ಪಟ್ಟವರೂ ತಮ್ಮೊಳಗೆ ಒಬ್ಬನನ್ನು ಹೊರಗಿಡಬಲ್ಲರು. ಮಾನೆ ಇದನ್ನು ತಮ್ಮವರ ಮೇಲಿನ ದ್ವೇಷವಿಲ್ಲದೆ, ಆದರೆ ಮುಲಾಜಿಲ್ಲದೆ ಬರೆದಿದ್ದಾರೆ.

ಮೂರನೆಯದು ‘ಬೇರಡ’. ಭೀಮರಾವ್ ಗಸ್ತಿ ಬೆಳಗಾವಿಯ ಪಕ್ಕದ ಯಮನಾಪುರದವರು, ಬರೆದದ್ದು ಮರಾಠಿಯಲ್ಲಿ. ನಮ್ಮ ಊರಿನ ಮನುಷ್ಯನ ಪುಸ್ತಕ ನಮ್ಮ ಭಾಷೆಯಲ್ಲಿ ಬರಲಿಲ್ಲವಲ್ಲ ಎಂದು ಕೊರಗುವವರಿದ್ದಾರೆ. ಗಡಿಯ ಊರುಗಳಲ್ಲಿ ಇದೇನು ಹೊಸತಲ್ಲ ಬಿಡಿ. ಬೇರಡ ಅಂದರೆ ನಮ್ಮ ಬೇಡರೇ. ಪುಸ್ತಕವಾಗಿ ಇದು ಉಳಿದೆರಡರಷ್ಟು ಬಿಗಿಯಾಗಿಲ್ಲ ಎಂದು ನನ್ನ ಅಭಿಪ್ರಾಯ, ಇದರಲ್ಲಿ ಕಾರ್ಯಕರ್ತನೇ ಹೆಚ್ಚು ಮಾತಾಡುತ್ತಾನೆ. ಆದರೆ ಕನ್ನಡಿಗರು ಓದಲೇಬೇಕಾದದ್ದು. ಯಾಕೆಂದರೆ ಬೇಡರ ಬಗ್ಗೆ ನಾವು ಹಾಡುವ ಹಾಡು ಬೇರೆ.

ಹಲಗಲಿಯ ಬೇಡರ ಲಾವಣಿ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಮುಧೋಳ ಸಂಸ್ಥಾನದ ಆ ಸಣ್ಣ ಊರಿನವರು 1857ರ ನಿಶ್ಶಸ್ತ್ರೀಕರಣದ ಕಾಯದೆಗೆ ಬಗ್ಗದೆ ಆಯುಧ ಕೊಡುವುದಿಲ್ಲವೆಂದರು. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಜನರನ್ನು, ಹಲಗಲಿಯಲ್ಲಿ 6 ಜನರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಶಾಸನಗಳ ಪಂಡಿತ ಫ್ಲೀಟ್, ಇಂಗ್ಲಿಷ್ ಅಧಿಕಾರಿಯೇ! ಶಾಲೆಯಲ್ಲಿ ನಾವು ಅದನ್ನು ಎದೆಯುಬ್ಬಿಸಿ ಹಾಡಿದೆವು. ಅದೇ ಜನ ಇಂದಿಗೂ ಮಹಾರಾಷ್ಟ್ರದ 14 ‘ವಿಮುಕ್ತ ಜಾತಿ’ಗಳ ಪಟ್ಟಿಯಲ್ಲಿದ್ದಾರೆ, ಅಂದರೆ ಒಂದು ಕಾಲಕ್ಕೆ ಅಪರಾಧಿಗಳೆಂದು ಬರೆಸಿಕೊಂಡು ಆಮೇಲೆ ಬಿಡುಗಡೆಯಾದವರ ಪಟ್ಟಿಯಲ್ಲಿ. ಎಲ್ಲೋ ಕಳ್ಳತನವಾದರೆ ಮೊದಲು ಇವರ ಕೇರಿಗೆ ಪೊಲೀಸರು ನುಗ್ಗುವ ಕಥೆಯನ್ನು ಗಸ್ತಿ ಹೇಳುತ್ತಾರೆ. ಅದು ಸ್ವಾತಂತ್ರ್ಯ ಬಂದ ಮೇಲಿನ ಕಥೆ. ಲಾವಣಿಗೂ ಆ ಕೇರಿಗೂ ನಡುವೆ ಇರುವ ಇಷ್ಟು ದೊಡ್ಡ ಹೊಂಡ ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಗಸ್ತಿಯವರು ಮುಂದೆ ದೇವದಾಸಿಯರಿಗಾಗಿ ದೊಡ್ಡ ಕೆಲಸ ಮಾಡಿ 2017ರಲ್ಲಿ ತೀರಿಕೊಂಡರು.

ಅದೇ 14ರ ಪಟ್ಟಿಯಲ್ಲಿ ಛಪ್ಪರಬಂದ್ ಎಂಬ ಮುಸ್ಲಿಂ ಸಮುದಾಯವೂ ಇದೆ. ಹೆಸರೇ ಹೇಳುವಂತೆ ಛಪ್ಪರ ಹೊದಿಸುವವರು. ಇವರಲ್ಲಿ ಬಹಳ ಮಂದಿ ನಮ್ಮ ವಿಜಾಪುರದ ಕಡೆಯವರು. ಇವರ ಮೇಲಿದ್ದ ಆರೋಪ ಖೋಟಾ ನಾಣ್ಯ ತಯಾರಿಕೆ! ಕ್ಯಾಶ್ ಕೌಂಟರಿನಲ್ಲಿ ಕೂತವರಿಗೆ ಮಾತ್ರ ಗೊತ್ತು, ಖೋಟಾ ನೋಟು ತರುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ ಎಂದು.

ಕಾಯದೆಯ ಕೊನೆಯ ಕಥೆ ಬೇಗ ಹೇಳಿಬಿಡುತ್ತೇನೆ. 1936ರಲ್ಲಿ ನೆಲ್ಲೂರಿನಲ್ಲಿ ನೆಹರೂ ಇದನ್ನು ಕಟುವಾಗಿ ಖಂಡಿಸಿದ್ದರು. ಸ್ವಾತಂತ್ರ್ಯ ಬಂದ ಕೂಡಲೇ ಹೋಯಿತೇ? ಇಲ್ಲ. ಅನಂತಶಯನಂ ಅಯ್ಯಂಗಾರ್ ಅಧ್ಯಕ್ಷತೆಯ ಸಮಿತಿ 1949–50ರಲ್ಲಿ ವಿಚಾರಿಸಿ ರದ್ದು ಮಾಡಿ ಎಂದಿತು. ಇಡೀ ದೇಶದಲ್ಲಿ ರದ್ದಾದದ್ದು 1952ರ ಆಗಸ್ಟ್ 31ರಂದು. ಅವರಿಗೆ ಸ್ವಾತಂತ್ರ್ಯ ಐದು ವರ್ಷ ಹದಿನಾರು ದಿನ ತಡ. ಇಂದಿಗೂ ಈ ಸಮುದಾಯಗಳು ಆ ದಿನವನ್ನೇ ವಿಮುಕ್ತಿ ದಿನವೆಂದು ಆಚರಿಸುತ್ತವೆ. ಆದರೆ ಅದರ ಜಾಗಕ್ಕೆ ರಾಜ್ಯಗಳು ‘ರೂಢಿಗತ ಅಪರಾಧಿ’ಗಳ ಕಾಯದೆ ಎಂದು ಬೇರೆ ತಂದವು. ಮುಂಬಯಿಯದ್ದು 1959ರಲ್ಲಿ, ನಮ್ಮದು 1961ರಲ್ಲಿ. ಇದರಲ್ಲಿ ಜಾತಿಯ ಹೆಸರಿಲ್ಲ, ವ್ಯಕ್ತಿಯ ಹೆಸರು ಮಾತ್ರ ಎನ್ನುತ್ತಾರೆ. ಲೆಡ್ಜರ್ ಬದಲಾಯಿತು, ಹಳೆಯ ಬಾಕಿಯನ್ನು ಹೊಸ ಪುಟಕ್ಕೆ ಎಳೆದುಕೊಂಡರು.

1998ರ ಫೆಬ್ರವರಿಯಲ್ಲಿ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ್ ಎಂಬ ಯುವಕ ಬಂಧನದಲ್ಲಿದ್ದಾಗ ಸತ್ತ. ಅವನೂ ಇಂಥದೇ ಸಮುದಾಯದವ. ಆ ಸಾವಿನ ಹೊತ್ತಿನಲ್ಲಿ ಮಹಾಶ್ವೇತಾ ದೇವಿ, ಗಣೇಶ ದೇವಿ, ನಮ್ಮ ‘ಉಚಲ್ಯಾ’ದ ಲಕ್ಷ್ಮಣ ಗಾಯಕವಾಡ ಸೇರಿ ವಿಮುಕ್ತ ಬುಡಕಟ್ಟುಗಳ ಹಕ್ಕಿಗಾಗಿ ಸಂಘಟನೆ ಕಟ್ಟಿದರು. ಗಣೇಶ ದೇವಿಯವರು 2016ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದ್ದು ನಿಮಗೆ ಗೊತ್ತೇ ಇದೆ. ಇನ್ನು 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳ ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನೂ, ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳಂತೆ ಕಾಣುವ ನಿಯಮಗಳನ್ನೂ ತಳ್ಳಿಹಾಕಿತು. 1871ರ ವಾಕ್ಯ 2024ರವರೆಗೂ ಯಾವುದೋ ಕೈಪಿಡಿಯ ಪುಟದಲ್ಲಿ ಉಸಿರಾಡುತ್ತಿತ್ತು ಎಂದಾಯಿತು. ತೀರ್ಪಿನ ಸುದ್ದಿ ಪೇಪರಿನಲ್ಲಿ ಓದಿದ ದಿನ ನಮ್ಮ ಕ್ಯಾಂಟೀನಿನಲ್ಲಿ ಕೇಳಿದೆ, ಇಬ್ಬರು ಮಾತ್ರ ಗಮನಿಸಿದ್ದರು.

ಮಹಾರಾಷ್ಟ್ರದಲ್ಲಿರುವ ನಮಗೆ ಒಂದು ಅನುಕೂಲವಿದೆ, ಮರಾಠಿ ಓದಲು ಬರುತ್ತದೆ. ಓದುವುದಾದರೆ ‘ಉಚಲ್ಯಾ’ದಿಂದ ಶುರುಮಾಡಿ. ಮರಾಠಿ ಬಾರದವರಿಗೆ ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 1998ರಲ್ಲಿ ತಂದಿದೆ. ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ‘ಉಪರಾ’ ಕೇಳಿದರೆ ಕೊಡುತ್ತಾರೆ. ‘ಬೇರಡ’ಕ್ಕೆ ಮಾತ್ರ ನಾನು ಮೂರು ಅಂಗಡಿ ಹತ್ತಿ ಇಳಿಯಬೇಕಾಯಿತು, ಕೊನೆಗೆ ಸಿಕ್ಕ ಹಳೆಯ ಪ್ರತಿಯ ಮೊದಲ ಪುಟದಲ್ಲಿ ಯಾವುದೋ ವಾಚನಾಲಯದ ಮೊಹರು ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಓದಿ ವಾಪಸ್ ಕೊಡುವ ಕರಾರಿನ ಮೇಲೆ ಕೊಡುತ್ತೇನೆ. ಜಾಮೀನು ಬೇಡ.